ಕುಮಟಾದ ಮನೆ ಮಾರುವಾಗ ಮೂರು ಆಫರ್‌ಗಳನ್ನು ನಾವು ತೂಗಿದ್ದು ಹೀಗೆ

ಕುಮಟಾದಿಂದ ಗೋಕರ್ಣದ ಕಡೆಗೆ ಹೋಗುವ ದಾರಿಯಲ್ಲಿ ಅಪ್ಪ ಕಟ್ಟಿಸಿದ ಮನೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಹಿಂದೆ ತೆಂಗಿನ ತೋಟ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಅಲ್ಲಿ ಯಾರೂ ಉಳಿಯಲಿಲ್ಲ. ಮುಚ್ಚಿಟ್ಟ ಮನೆ ಮಳೆಗಾಲದಲ್ಲಿ ಬೇಗ ಹಾಳಾಗುತ್ತದೆ. ಅಕ್ಕ, ತಂಗಿ, ನಾನು ಕೂತು ಮಾತಾಡಿ ಮಾರುವುದೆಂದು ನಿರ್ಧರಿಸಿದೆವು.

ರೇಟು ಕೇಳುವ ಮೊದಲು ಕಾಗದ ಸರಿ ಮಾಡಿಕೊಂಡೆವು. ಮೂವರ ಹೆಸರಿಗೂ ವಾರಸಾ ಖಾತೆ, ಪಂಚಾಯ್ತಿ ಆನ್‌ಲೈನ್‌ನಲ್ಲಿ ಕೊಡುವ ಆಸ್ತಿ ದಾಖಲೆ ಇ-ಸ್ವತ್ತು, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ತೆಗೆದ ಇಸಿ (ಋಣಭಾರ ಪತ್ರ), ಸರ್ವೆ ನಕ್ಷೆ. ಅಕ್ಕ, ತಂಗಿ ನನಗೆ ಹಕ್ಕು ಬಿಟ್ಟುಕೊಟ್ಟು ನಾನೊಬ್ಬನೇ ಮಾರಲಿ ಎಂದು ಕೆಲವರು ಹೇಳಿದರು. ನಾವು ಒಪ್ಪಲಿಲ್ಲ. ಮೂವರೂ ಸೇರಿ ಮಾರಿದರೆ ಅವರವರ ಪಾಲಿನ ದುಡ್ಡು ಅವರವರ ಖಾತೆಗೇ ಬರುತ್ತದೆ, ತೆರಿಗೆಯೂ ಅವರವರ ಲೆಕ್ಕಕ್ಕೇ ಹೋಗುತ್ತದೆ. ಮುಂದೆ ಮನಸ್ತಾಪಕ್ಕೆ ಜಾಗವೇ ಇಲ್ಲ.

ಆಮೇಲೆ ಮೂರು ಆಫರ್ ಬಂದವು.

ಎಲ್ಲಕ್ಕಿಂತ ಜಾಸ್ತಿ ಹೇಳಿದವರು ಬೆಂಗಳೂರಿನವರು, 58 ಲಕ್ಷ. ಅವರಿಗೆ ಹೋಮ್‌ಸ್ಟೇ ಮಾಡಬೇಕಿತ್ತು. ಆದರೆ ಸ್ವಲ್ಪ ಮುಂಗಡ ಕೊಟ್ಟು, ಬಾಕಿ ಹಣ ಕಟ್ಟಡದ ಅನುಮತಿ ಸಿಕ್ಕ ಮೇಲೆ ಅಂದರು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ, ನಮ್ಮ ಮನೆ ಅದರೊಳಗೇ ಇದೆ. ಆ ಅನುಮತಿ ಯಾವಾಗ ಸಿಗುತ್ತದೆ ಎಂದು ಯಾರು ಹೇಳಬೇಕು? ಅಲ್ಲಿಯವರೆಗೆ ಬೇರೆಯವರಿಗೆ ಮಾರುವಂತೆಯೂ ಇಲ್ಲ. ಕರಾರಿಗೆ ಕೊನೆಯ ದಿನಾಂಕ ಹಾಕಿ ಎಂದು ಕೇಳಿದೆವು. ಹಾಕಲಿಲ್ಲ. ಅಲ್ಲಿಗೆ ಬಿಟ್ಟೆವು.

ಎರಡನೆಯವರು ಊರಿನವರೇ, 55 ಲಕ್ಷ. ಒಂದೇ ವಾರದಲ್ಲಿ ಮುಗಿಸೋಣ, ಆದರೆ ಕ್ರಯಪತ್ರದಲ್ಲಿ 30 ಲಕ್ಷ ತೋರಿಸೋಣ, ಉಳಿದದ್ದು ಕ್ಯಾಶ್ ಅಂದರು. ಇದರ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದನ್ನು ಎಲ್ಲರೂ ಮಾಮೂಲಿ ಎಂಬಂತೆ ಹೇಳುತ್ತಾರೆ. ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಎರಡನ್ನೂ ಕಟ್ಟುವವರು ಕೊಳ್ಳುವವರು. ಅಂದರೆ ಉಳಿತಾಯ ಅವರದು. ಮನೆ, ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆ ದಂಡ ಬೀಳುವುದು ಹಣ ತಗೊಂಡವರ ಮೇಲೆ, ಅಂದರೆ ಮಾರಿದವರ ಮೇಲೆ. ಅಕ್ಕನಿಗೆ ತನ್ನ ಪಾಲಿನಲ್ಲಿ ಶಿರಸಿಯಲ್ಲಿ ಮನೆ ಕೊಳ್ಳಬೇಕಿತ್ತು. ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಲಾಭದ ಮೇಲಿನ ತೆರಿಗೆಯಲ್ಲಿ ವಿನಾಯಿತಿ ಇದೆ. "ತಮ್ಮಾ, ಆ ಕ್ಯಾಶ್ ಇಟ್ಕೊಂಡು ನಾನು ಯಾವ ಬ್ಯಾಂಕಿಗೆ ಹೋಗ್ಲಿ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೂರನೆಯವರು ಸರ್ಕಾರಿ ಶಾಲೆಯ ಮೇಷ್ಟ್ರು. 52 ಲಕ್ಷ, ಅದರಲ್ಲಿ ದೊಡ್ಡ ಪಾಲು ಬ್ಯಾಂಕ್ ಸಾಲ. ಪೂರ್ತಿ ಪತ್ರದಲ್ಲೇ. ಸಾಲದವರಾದರೆ ತಡ, ಸಾಲ ಸಿಗದೆ ಇದ್ದರೂ ಇರಬಹುದು. ಅದಕ್ಕೇ ಅವರ ಬ್ಯಾಂಕಿನ ವಕೀಲರಿಗೆ ಕಾಗದ ತೋರಿಸಿ ಅಭಿಪ್ರಾಯ ತರುವವರೆಗೆ ಕರಾರು ಬೇಡ ಎಂದೆವು. ಬ್ಯಾಂಕಿನ ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದರು. ಮಾಡಿನ ಮರದ ಅಡ್ಡೆ, ಪಕಾಸಿಗೆ ಗೆದ್ದಲು ಹಿಡಿದಿದೆಯಾ ಎಂದು ಬೆರಳಿನಿಂದ ತಟ್ಟಿ ನೋಡಿದರು. ಹಳೇ ಹಂಚಿನ ಮನೆಗೆ ಅವರು ಹಾಕಿದ ಬೆಲೆ ತೀರಾ ಕಡಿಮೆ, ಬಹುಪಾಲು ಬೆಲೆ ಜಾಗದ್ದೇ. ಹೀಗಾಗಿ ಸಾಲ ಅಂದುಕೊಂಡಷ್ಟು ಸಿಗಲಿಲ್ಲ. ಮೇಷ್ಟ್ರು ಕಮ್ಮಿ ಬಿದ್ದದ್ದನ್ನು ಪಿಎಫ್‌ನಿಂದ ತೆಗೆದರು. ನಾವೂ ಅದಕ್ಕಾಗಿ ಸ್ವಲ್ಪ ದಿನ ಜಾಸ್ತಿ ಕೊಟ್ಟೆವು.

ಕರಾರಿನಲ್ಲಿ ಮೂರು ವಿಷಯ ಬರೆಸಿದೆವು: ನೋಂದಣಿಯ ಕೊನೆಯ ದಿನ, ಸಾಲ ಸಿಗದಿದ್ದರೆ ಮುಂಗಡದ ಗತಿ, ಮನೆಯೊಳಗೆ ಏನೇನು ಬಿಟ್ಟುಹೋಗುತ್ತೇವೆ ಎಂಬ ಪಟ್ಟಿ. ದೇವರ ಮಂಟಪ ಮಾತ್ರ ನಮ್ಮದು ಎಂದು ಅದರಲ್ಲೇ ಬರೆಸಿದೆ. ಬೆಲೆ 50 ಲಕ್ಷ ಮೀರಿದ್ದರಿಂದ ಮೇಷ್ಟ್ರು ಶೇ. 1 ಟಿಡಿಎಸ್ (ಕೊಡುವ ಹಣದಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದು ಮೂವರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಿದರು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬ್ಯಾಂಕಿನ ಡಿಡಿಗಳನ್ನು ನಂಬರ್ ಸಮೇತ ಪತ್ರಕ್ಕೆ ಸೇರಿಸಿದ ಮೇಲೆಯೇ ನಾವು ಹೆಬ್ಬೆಟ್ಟು ಒತ್ತಿದ್ದು. ಅಕ್ಕ ಈಗ ಶಿರಸಿಯಲ್ಲಿ ಮನೆ ಹುಡುಕುತ್ತಿದ್ದಾಳೆ. ಈ ಸಲ ಪತ್ರದಲ್ಲಿ ಪೂರ್ತಿ ಬೆಲೆ ಹಾಕಿ ಎಂದು ಕೇಳುವ ಸರದಿ ಅವಳದು.