ಮೂರು ಹ್ಯಾಟೆ ಕಾವು, ಒಬ್ಬಳೇ ತಾಯಿ: ನಾಟಿ ಕೋಳಿ ಸಾಕಿದ ನನ್ನ ಅನುಭವ

"ಒಂದು ಕೋಳಿ ಪಿಳ್ಳೇನ ಇನ್ನೊಂದು ಕೋಳಿ ಸೇರಿಸ್ಕೊಂಡಾತಾ? ಕುಕ್ಕಿ ಸಾಯಿಸ್ತದೆ ಕಣವ್ವ, ಸುಮ್ನಿರು."

ಮೂರು ಹ್ಯಾಟೆಯ (ಹೆಣ್ಣು ಕೋಳಿಯ) ಪಿಳ್ಳೆಗಳನ್ನೆಲ್ಲ (ಮರಿಗಳನ್ನೆಲ್ಲ) ಒಂದೇ ಹ್ಯಾಟೆಗೆ ಸೇರಿಸಿ ಸಾಕುತ್ತೇನೆ ಅಂದಾಗ, ನಾಲ್ಕು ವರ್ಷದ ಹಿಂದೆ ನಮ್ಮತ್ತೆ ಹೇಳಿದ ಮಾತು. ಡೈರಿಗೆ ಹಾಲು ಹಾಕೋಕೆ ಹೋದರೆ ಅಲ್ಲೂ ಇದೇ ನಗು. "ಏನಕ್ಕ, ಕೋಳಿಗೆ ಅಂಗನವಾಡಿ ಮಾಡ್ತೀರಂತೆ?" ಮೊನ್ನೆ ಭಾನುವಾರ ಬೆಳಿಗ್ಗೆ ಎಣಿಸಿದೆ. ಒಂದೇ ಹ್ಯಾಟೆಯ ಹಿಂದೆ 27 ಪಿಳ್ಳೆ. ಅದರ ಹಿಂದಿನ ತಂಡದಲ್ಲಿ ಹೊರಬಂದದ್ದು 30ರ ಹತ್ತಿರ, ದೊಡ್ಡವಾದದ್ದು 26. ನಕ್ಕವರಲ್ಲಿ ಇಬ್ಬರು ಈಗ ಕಾವಿನ ಮೊಟ್ಟೆ ಕೇಳಿಕೊಂಡು ನಮ್ಮನೆಗೇ ಬರುತ್ತಾರೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮದು ನಾಗಮಂಗಲದ ಕಡೆ. ಒಂದೂವರೆ ಎಕರೆ ತೆಂಗು, ಎರಡು ಹಸು, ನಾಲ್ಕೈದು ಕುರಿ, ಮತ್ತೆ ಈ ಕೋಳಿಗಳು. ಓದುವವರೂ ಕೋಳಿ ಸಾಕಿದವರೇ ಅಂದುಕೊಂಡಿದ್ದೇನೆ. ಕಾವು ಅಂದರೇನು, ಮಂಕರಿ (ದೊಡ್ಡ ಬುಟ್ಟಿ) ಹೇಗೆ ಕವುಚಬೇಕು ಅಂತೆಲ್ಲ ಹೇಳೋದಿಲ್ಲ.

ನನ್ನ ತಲೆ ಕೆಡಿಸಿದ್ದು ಒಂದೇ ಲೆಕ್ಕ. ನಾಟಿ ಹ್ಯಾಟೆ 12, 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು. ಆಮೇಲೆ ಎರಡು, ಎರಡೂವರೆ ತಿಂಗಳು ಪಿಳ್ಳೆ ಕಟ್ಟಿಕೊಂಡು ತಿಪ್ಪೆ ತಿರುಗುತ್ತದೆ. ಅಷ್ಟು ದಿನ ಒಂದು ಮೊಟ್ಟೆ ಇಲ್ಲ. ಕೊನೆಗೆ 10 ಪಿಳ್ಳೆಯಲ್ಲಿ ಉಳಿಯೋದು ಮೂರೋ ನಾಲ್ಕೋ. ಮಿಕ್ಕಿದ್ದು ಕಾಗೆಗೆ, ಹದ್ದಿಗೆ, ಬೆಕ್ಕಿಗೆ, ಮುಂಗುಸಿಗೆ. ಅಂದರೆ ಊರಿನ ಮುಂಗುಸಿ ಸಾಕೋಕೆ ನಾವು ಕೋಳಿ ಸಾಕುತ್ತಿದ್ದೆವು, ಅಷ್ಟೇ.

ಮೊದಲು ಮಾಡಿದ ತಪ್ಪು ಮಿಷನ್. ಯಾರೋ ಬಳಸಿದ ಥರ್ಮಾಕೋಲ್ ಡಬ್ಬದ ಮೊಟ್ಟೆ ಮಿಷನ್ ನಾಲ್ಕೂವರೆ ಸಾವಿರಕ್ಕೆ ತಂದೆ. 48 ಮೊಟ್ಟೆ ಇಟ್ಟರೆ 11 ಪಿಳ್ಳೆ ಬಂತು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರೋದಿಲ್ಲ. ಎರಡನೇ ಸಲ ಇನ್ನೂ ಕಮ್ಮಿ. ಎರಡು ಸಾವಿರಕ್ಕೆ ಮಾರಿ ಕೈ ತೊಳೆದುಕೊಂಡೆ.

ಆಮೇಲೆ ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಮಾಡಿದ ಕೋಳಿ ತಳಿ, ಎಲ್ಲರಿಗೂ ಗೊತ್ತಿರೋದೇ. 50 ಮರಿ ತಂದೆವು. ಬೆಳೆಯೋದೇನೋ ಚೆನ್ನಾಗಿ ಬೆಳೆದವು. ಆದರೆ ಕಾವಿಗೆ ಕೂರುವ ಬುದ್ಧಿ ಅವಕ್ಕೆ ಇಲ್ಲ. ಪ್ರತಿ ಸಲ ಮರಿಗೆ ದುಡ್ಡು ಕೊಡಬೇಕು. ತಿನ್ನೋದೂ ಹಾಗೇ, ಮೂಟೆ ಬಿಚ್ಚಿದ್ದು ಗೊತ್ತಾಗಲ್ಲ, ಖಾಲಿ. ಮೊಟ್ಟೆಗೆ ಮಾತ್ರ ಅಂತ ಈಗಲೂ ಎರಡು ಮೂರು ಇಟ್ಟುಕೊಂಡಿದ್ದೇನೆ.

ಮೂರನೆಯದು ಪಿಳ್ಳೆಗಳನ್ನು ತಾಯಿಯಿಂದ ಬಿಡಿಸಿ ಬಲ್ಬಿನ ಕೆಳಗೆ ಸಾಕೋದು. ತಗಡು ಸುತ್ತಿ, ಭತ್ತದ ಹೊಟ್ಟು ಹಾಸಿ, 60 ವ್ಯಾಟಿನ ಎರಡು ಬಲ್ಬು. ಎಂಟು ದಿನ ಚೆನ್ನಾಗಿತ್ತು. ಒಂಬತ್ತನೇ ರಾತ್ರಿ ಕರೆಂಟ್ ಹೋಯಿತು. ನಮಗೆ ನಿದ್ದೆ. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಕೆಳಗಿದ್ದವೆಲ್ಲ ಚಪ್ಪಟೆ. 42ರಲ್ಲಿ 14 ಉಳಿದವು. ಮುಂದಿನ ತಂಡಕ್ಕೆ ಮಡಕೆಯಲ್ಲಿ ಕೆಂಡ ಹಾಕಿ ಇಟ್ಟೆ. ಚಳಿ ಅಂತ ಕೋಣೆಯ ಕಿಟಕಿ ಮುಚ್ಚಿದ್ದೆ. ಹೊಗೆ ಇರಲಿಲ್ಲ, ಆದರೂ ಕೆಂಡದ ಕಾಣದ ವಿಷಗಾಳಿಗೆ ಎಂಟು ಸತ್ತವು. ಮನೆಯವರು ಅವತ್ತು ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಇನ್ನು ಕೆಲಸ ಆದ ದಾರಿ.

ಒಂದೇ ದಿನ ಮೂರು ಹ್ಯಾಟೆ ಕಾವಿಗೆ ಕೂರಿಸಬೇಕು. ಒಂದೇ ದಿನ ಮೂರೂ ಎಲ್ಲಿ ಕಾವಿಗೆ ಬರ್ತವೆ ಅಂತ ಕೇಳಬಹುದು. ಬರೋದಿಲ್ಲ. ಮೊದಲು ಬಂದದ್ದಕ್ಕೆ ಎರಡು ಹಳೆ ಮೊಟ್ಟೆ ಕೊಟ್ಟು ಸುಮ್ನೆ ಕೂರಿಸಿರುತ್ತೇನೆ. ವಾರ, ಹತ್ತು ದಿನ ಅದು ಪಾಪ ಅದರ ಮೇಲೇ ಧ್ಯಾನ ಮಾಡುತ್ತದೆ. ಅಷ್ಟರಲ್ಲಿ ಇನ್ನೆರಡು ಕೊರ್ ಕೊರ್ ಅಂತ ಶುರು ಮಾಡುತ್ತವೆ. ಈ ಕಡೆ ದಿನಾ ಮೊಟ್ಟೆ ಎತ್ತಿ, ಪೆನ್ಸಿಲ್‌ನಲ್ಲಿ ತಾರೀಕು ಬರೆದು, ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ಇಡುತ್ತೇನೆ. ಹತ್ತು ದಿನಕ್ಕಿಂತ ಹಳೆಯದು ಕಾವಿಗಲ್ಲ, ಸಾರಿಗೆ. ಬೇಸಿಗೆಯಲ್ಲಿ ಐದಾರು ದಿನವೇ ಜಾಸ್ತಿ.

ಕೂರಿಸೋದು ರಾತ್ರಿ. ಒಂದೊಂದಕ್ಕೆ 13 ಮೊಟ್ಟೆ. ಗೂಡಿನ ತಳಕ್ಕೆ ಬೂದಿ, ಮೇಲೆ ಒಣಹುಲ್ಲು, ಅದರೊಳಗೆ ಲಕ್ಕಿ ಸೊಪ್ಪು. ಹೇನು ಹತ್ತಿದರೆ ಎಂಥ ಹ್ಯಾಟೆಯೂ ಕೂರಲ್ಲ, ಒಂದು ಸಲ ಅದಕ್ಕೇ 13 ಮೊಟ್ಟೆ ತಣ್ಣಗಾದವು. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಇಟ್ಟು ನೋಡುತ್ತೇನೆ. ಕೆಂಪು ನರ ಜೇಡರ ಬಲೆ ಹಾಗೆ ಹರಡಿದ್ದರೆ ಸರಿ. ಬರೀ ಹಳದಿ ಬೆಳಕು ಕಂಡರೆ ಆಚೆ. ಹೀಗೆ ತೆಗೆದದ್ದನ್ನು ಬಿಸಾಕಬೇಡಿ. ಪಿಳ್ಳೆ ಬರೋವರೆಗೆ ಇಡೋಕಾಗಲ್ಲ ನಿಜ. ಆದರೆ ಬೇಯಿಸಿ ಪುಡಿ ಮಾಡಿ ಹಾಕಿದರೆ ದೊಡ್ಡ ಕೋಳಿಗಳು ಮುಗಿಬಿದ್ದು ತಿನ್ನುತ್ತವೆ. ಬೇಸಿಗೆಯಲ್ಲಿ ಹೀಗೆ ತೆಗೆಯೋದೇ ಮೂರನೇ ಒಂದು ಭಾಗ ಆಗಿಬಿಡುತ್ತದೆ. ಆಗ ಉಳಿದದ್ದನ್ನು ಎರಡು ಹ್ಯಾಟೆಗೇ ಹಂಚಿ, ಮೂರನೆಯದರ ಕಾವು ಅವತ್ತೇ ಬಿಡಿಸಿಬಿಡುತ್ತೇನೆ.

21ನೇ ದಿನ ಪಿಳ್ಳೆ ಒಡೆಯುತ್ತವೆ. ಅವತ್ತೇ ರಾತ್ರಿ, ಕತ್ತಲಲ್ಲಿ, ಎರಡು ಹ್ಯಾಟೆಯ ಪಿಳ್ಳೆಗಳನ್ನು ಬುಟ್ಟಿಯಲ್ಲಿ ತಂದು ಮೂರನೆಯದರ ರೆಕ್ಕೆ ಕೆಳಗೆ ತಳ್ಳಬೇಕು. ಟಾರ್ಚ್ ಹಾಕಬಾರದು. ಕೈಗೆ ಬೆಚ್ಚಗೆ ತಗಲುತ್ತದೆ, ಒಳಗಿಂದ ಕಿಚ ಕಿಚ, ಹ್ಯಾಟೆ ಒಂದು ಸಲ ಕೊರ್ ಅಂದು ಮೈ ಉಬ್ಬಿಸಿಕೊಂಡು ಕೂರುತ್ತದೆ. ಅಷ್ಟಾದರೆ ಗೆದ್ದಿರಿ. ಮೊದಲ ಸಲ ನಾನು ನಾಲ್ಕು ದಿನದ ಪಿಳ್ಳೆಗಳನ್ನು ಹಗಲು ಹೊತ್ತಿನಲ್ಲಿ ಬಿಟ್ಟಿದ್ದೆ. ಎರಡರ ನೆತ್ತಿ ಕುಕ್ಕಿ ಸಾಯಿಸಿತು. ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ನಾನ್ ಯೋಳ್ಲಿಲ್ವಾ" ಅಂತ ಒಂದೇ ಮಾತು.

ಪಿಳ್ಳೆ ಸೇರಿಸೋ ಮುಂಚೆ ಅವುಗಳ ಮೈಗೆ ಒಂದು ಸೊಪ್ಪಿನ ನೀರು ಸವರುತ್ತೇನೆ, ಎಲ್ಲಕ್ಕೂ ಒಂದೇ ವಾಸನೆ ಬರಲಿ ಅಂತ. ಯಾವ ಸೊಪ್ಪು ಅಂತ ಮಾತ್ರ ಕೇಳಬೇಡಿ. ಯಾವ ಹ್ಯಾಟೆಯನ್ನು ತಾಯಿ ಮಾಡಬೇಕು ಅನ್ನೋದಕ್ಕೂ ನನ್ನದೊಂದು ಪರೀಕ್ಷೆ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇಷ್ಟು ಹೇಳಬಲ್ಲೆ: ಹಗುರ ಮೈಯ, ಸಿಡುಕು ಹ್ಯಾಟೆ ಬೇಡ. ನನ್ನ ಚುಕ್ಕಿ ಎರಡು ಕೆಜಿ ಮೇಲಿದ್ದಾಳೆ, ನಡೆಯೋದೇ ಗೌಡರ ಮನೆ ಅಜ್ಜಿ ಹಾಗೆ.

ಎಷ್ಟೇ ದೊಡ್ಡ ಹ್ಯಾಟೆಯಾದರೂ ಚಳಿ ರಾತ್ರಿ 18ಕ್ಕಿಂತ ಜಾಸ್ತಿ ಪಿಳ್ಳೆಗೆ ರೆಕ್ಕೆ ಸಾಲದು. ಅದಕ್ಕೆ ಮೊದಲ ಹತ್ತು ರಾತ್ರಿ ಕೆಂಡದ ಮಡಕೆಯೂ ಪಕ್ಕದಲ್ಲಿ ಇರುತ್ತದೆ. ಚೆನ್ನಾಗಿ ಉರಿದು ನಿಗಿನಿಗಿ ಆದ ಕೆಂಡ, ಮೇಲೆ ಬೂದಿ, ಮಡಕೆ ಸುತ್ತ ಜಾಲರಿ. ಐದಾರು ಗಂಟೆ ತಡೆಯುತ್ತದೆ. ಕಿಟಕಿ ತೆಗೆದೇ ಇರುತ್ತದೆ, ಎಷ್ಟೇ ಚಳಿ ಇರಲಿ. ಕರೆಂಟಿನ ಹಂಗೇ ಇಲ್ಲ.

ಪಿಳ್ಳೆ ಬಿಟ್ಟುಕೊಟ್ಟ ಇನ್ನೆರಡು ಹ್ಯಾಟೆ ಎರಡು ದಿನ ಹುಡುಕಾಡುತ್ತವೆ. ಕಾವು ಬಿಡಿಸೋಕೆ ಅತ್ತೆ ಕಾಲದಲ್ಲಿ ನೀರಿಗೆ ಅದ್ದೋದು, ಮೂಗಿಗೆ ಪುಕ್ಕ ಚುಚ್ಚೋದು ಇತ್ತು. ನಾನು ಅದು ಮಾಡಲ್ಲ. ಹುಲ್ಲಿಲ್ಲದ ಬರೀ ಚಪ್ಪಡಿ ಮೇಲೆ ಮಂಕರಿ ಕವುಚಿ ನಾಲ್ಕು ದಿನ ಇಡುತ್ತೇನೆ, ಕಾಳು ನೀರು ಧಾರಾಳ. ಬಿಟ್ಟ ಮೇಲೆ ಹೆಚ್ಚುಕಮ್ಮಿ ಇಪ್ಪತ್ತು ದಿನಕ್ಕೆ ಮತ್ತೆ ಮೊಟ್ಟೆ. ಮೊದಲು ವರ್ಷಕ್ಕೆ 45, 50 ಮೊಟ್ಟೆ ಇಡುತ್ತಿದ್ದ ಹ್ಯಾಟೆ ಈಗ 80 ದಾಟುತ್ತದೆ. ಲಾಭ ಇರೋದು ಇಲ್ಲೇ, ಪಿಳ್ಳೆ ಉಳಿಯೋದರಲ್ಲಿ ಇರೋದು ಅರ್ಧ ಮಾತ್ರ.

ತಾಯಿ, ಪಿಳ್ಳೆ ಎರಡೂ ಐದು ವಾರ ಬಲೆಯೊಳಗೇ. ಕೆರೆಯಲ್ಲಿ ಮೀನು ಹಿಡಿಯುವವರ ಹತ್ತಿರ ಹರಿದ ಬಲೆ 300 ರೂಪಾಯಿಗೆ ಸಿಕ್ಕಿತು, ಮೇಲೆ ಅದನ್ನೇ ಹೊದಿಸಿದೆ. ಹದ್ದು, ಕಾಗೆ ಬಂದ್. ಮುಂಗುಸಿ ಮಾತ್ರ ನೆಲ ತೋಡಿ ಬಂತು, ಒಂದೇ ಮಧ್ಯಾಹ್ನ ಒಂಬತ್ತು ಪಿಳ್ಳೆ. ಈಗ ಸುತ್ತ ಒಂದಡಿ ಆಳಕ್ಕೆ ಚಪ್ಪಡಿ ಚೂರು ಹೂತಿದ್ದೇನೆ. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾದರೆ ರಕ್ತಭೇದಿ ಗ್ಯಾರಂಟಿ. ದಿನಾ ಕೈ ಹಾಕಿ ನೋಡಿ, ಒದ್ದೆ ಅನಿಸಿದರೆ ಆಚೆ ಎಳೆದು ಹೊಸದು ಹಾಕುತ್ತೇನೆ.

ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದು) ವಿಷಯ ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ದಂಡ. ಎರಡನೇ ವರ್ಷ ಲಸಿಕೆ ಹಾಕಿಸಿದ್ದೆ, ಆದರೂ ನಲವತ್ತಕ್ಕೂ ಜಾಸ್ತಿ ಕೋಳಿ ಸತ್ತವು. ತೂಕಡಿಕೆ, ಹಸಿರು ಭೇದಿ, ಕತ್ತು ತಿರುಚೋದು, ನಾಲ್ಕೇ ದಿನ. ತಪ್ಪು ನನ್ನದೇ. ಏಪ್ರಿಲ್ ಬಿಸಿಲಲ್ಲಿ ಲಸಿಕೆ ಸೀಸೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬಸ್ಸಲ್ಲಿ ತಂದಿದ್ದೆ. ಅಂಗಡಿಯವನೂ ಐಸ್ ಬೇಕಾ ಅಂತ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಟೀ ಫ್ಲಾಸ್ಕ್, ತುಂಬಾ ಐಸ್. ಏಳನೇ ದಿನ ಕಣ್ಣಿಗೊಂದು ಹನಿ ಲಸೋಟ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಅದೇ ರೋಗಕ್ಕೆ ಆರ್ ಟೂ ಬಿ ಅನ್ನೋ ಲಸಿಕೆಯ ಸೂಜಿ. ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಮ್ಮ 30 ಪಿಳ್ಳೆಗೆ ಅಷ್ಟೊಂದು ಯಾಕೆ? ಅದಕ್ಕೇ ಕೇರಿಯ ಆರು ಮನೆ ಸೇರಿ ಒಂದೇ ಬೆಳಿಗ್ಗೆ ಹಾಕುತ್ತೇವೆ. ಮನೆಗೆ 30, 40 ರೂಪಾಯಿ ಬೀಳುತ್ತದೆ. ಪಕ್ಕದ ಮನೆ ಕೋಳಿಗೂ ಲಸಿಕೆ ಬಿತ್ತು ಅಂದರೆ ನಮ್ಮದಕ್ಕೇ ಕಾವಲು ಅಲ್ವಾ?

ನಡುವೆ ಒಂದಿಷ್ಟು ಹುಚ್ಚಾಟ ಮಾಡಿದೆ. ಅಜೋಲಾ (ನೀರಿನ ಮೇಲೆ ಬೆಳೆಯೋ ಮೇವಿನ ಗಿಡ) ತೊಟ್ಟಿ ಕಟ್ಟಿದೆ. ಹಸು ತಿಂದಿತು, ಕೋಳಿ ಕೆದಕಿ ಹಾಳು ಮಾಡಿತು, ಬೇಸಿಗೆಯಲ್ಲಿ ಎಲ್ಲ ಕಂದು ಬಣ್ಣಕ್ಕೆ ತಿರುಗಿ ಹೋಯಿತು. ಗೆದ್ದಲಿನದು ಮಾತ್ರ ಗೆದ್ದಿತು. ಹಳೆ ಮಡಕೆಗೆ ಒಣ ಸಗಣಿ, ತೆಂಗಿನ ನಾರು, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಕಂಡ ಕಡೆ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆ ಮಡಕೆ ತುಂಬಾ ಗೆದ್ದಲು. ಪಿಳ್ಳೆಗಳ ಮುಂದೆ ಕೊಡವಿದರೆ ಅರ್ಧ ನಿಮಿಷ. ಬಿಸಿಲೇರೋ ಮುಂಚೆ ಎತ್ತಬೇಕು, ಆಮೇಲೆ ಇಳಿದು ಹೋಗುತ್ತವೆ.

ಕೋಳಿ, ಹಸು ಜೊತೆ ಇರಬಾರದು ಅಂತಾರಲ್ಲ, ಅದು ಅರ್ಧ ನಿಜ. ಗೊಂತಿನಲ್ಲಿ ಕೋಳಿ ಹಿಕ್ಕೆ ಹಾಕಿದರೆ ನಮ್ಮ ಕೆಂಪಿ ಮೇವು ಮುಟ್ಟಲ್ಲ, ಹಾಲು ಅರ್ಧ ಲೀಟರ್ ಕಮ್ಮಿ. ಗೊಂತಿಗೆ ಜಾಲರಿ ಮುಚ್ಚಳ ಮಾಡಿಸಿದ ಮೇಲೆ ಸರಿ ಹೋಯಿತು. ಆದರೆ ಮಧ್ಯಾಹ್ನ ಕೆಂಪಿ ಮಲಗಿ ಮೆಲುಕು ಹಾಕುವಾಗ ನೋಡಬೇಕು. ಒಂದು ಹ್ಯಾಟೆ ಬಂದು ಕತ್ತು ಓರೆ ಮಾಡಿ, ಅವಳ ಗಂಗೆದೊಗಲನ್ನೇ ದಿಟ್ಟಿಸಿ, ಟಕ್ ಅಂತ ಒಂದು ಉಣ್ಣೆ ಹುಳ ಕೀಳುತ್ತದೆ. ಕೆಂಪಿ ಕಿವಿ ಅಲ್ಲಾಡಿಸೋದೂ ಇಲ್ಲ, ಕತ್ತು ಚಾಚಿ ಇನ್ನೊಂದು ಪಕ್ಕವನ್ನೂ ಕೊಡುತ್ತಾಳೆ. ಉಣ್ಣೆ ಔಷಧಿಯ ಖರ್ಚು ಪೂರ್ತಿ ನಿಂತಿಲ್ಲ, ಅರ್ಧ ಆಗಿದೆ.

ದುಡ್ಡಿನ ಲೆಕ್ಕ ಪುಸ್ತಕದಲ್ಲಿ ಬರೆದಿಲ್ಲ, ನೆನಪಿನಿಂದ ಹೇಳುತ್ತೇನೆ. ವರ್ಷಕ್ಕೆ ಐದು ತಂಡ, 150ರ ಹತ್ತಿರ ಪಿಳ್ಳೆ. ಮಾರೋಕೆ ಸಿಗೋದು 110, 115. ಮನೆಗೆ, ನೆಂಟರಿಗೆ ಹೋಗಿ 100 ಇಟ್ಟುಕೊಳ್ಳಿ. ಒಂದಕ್ಕೆ ಒಂದೂವರೆ ಕೆಜಿ ಒಳಗೆ, ಮನೆ ಬಾಗಿಲಲ್ಲಿ 500 ರೂಪಾಯಿ ಸರಾಸರಿ. ಐವತ್ತು ಸಾವಿರ. ಮೊದಲ ತಿಂಗಳ ಅಂಗಡಿ ಆಹಾರ, ಆಮೇಲಿನ ನುಚ್ಚು, ರಾಗಿ, ಕಡಲೆಕಾಯಿ ಹಿಂಡಿ, ಲಸಿಕೆ ಎಲ್ಲ ಸೇರಿ 18, 20 ಸಾವಿರ. ಮೊಟ್ಟೆ ದುಡ್ಡು ನನ್ನ ಡಬ್ಬಿಗೆ, ಅದನ್ನು ಮನೆಯವರಿಗೂ ಹೇಳಿಲ್ಲ.

ರೇಟು ಇರೋದು ತಾರೀಕಿನಲ್ಲಿ. ಯುಗಾದಿ ಮಾರನೇ ದಿನದ ಹೊಸತೊಡಕಿನ ಬಾಡೂಟಕ್ಕೆ ಬೇಕಾದರೆ ಅಕ್ಟೋಬರಿನಲ್ಲೇ ಕಾವು ಕೂರಿಸಬೇಕು. ಪಿತೃಪಕ್ಷಕ್ಕೆ ಮಾರ್ಚ್ ಶುರುವಿನಲ್ಲೇ, ಬಿಸಿಲು ಏರಿದರೆ ಮೊಟ್ಟೆ ಕೈ ಕೊಡುತ್ತವೆ. ಹೋದ ವರ್ಷ ಶ್ರಾವಣಕ್ಕೆ ಮುಂಚೆ ಗಾಬರಿಯಲ್ಲಿ 15 ಹುಂಜ ವ್ಯಾಪಾರಿಗೆ ಕೊಟ್ಟುಬಿಟ್ಟೆ. ಎರಡು ತಿಂಗಳಾದ ಮೇಲೆ ಅದೇ ವ್ಯಾಪಾರಿ ಅದೇ ಸೈಜಿನ ಹುಂಜಕ್ಕೆ 200 ಜಾಸ್ತಿ ಹೇಳುತ್ತಿದ್ದ, ಸಂತೆಯಲ್ಲಿ ನನ್ನ ಕಣ್ಣ ಮುಂದೆಯೇ.

ಈ ಸಲ 22 ಹುಂಜ ಇವೆ. ನಿನ್ನೆಯೂ ಬೈಕ್ ನಿಲ್ಲಿಸಿ ಕೇಳಿದ. ಮಹಾಲಯ ಅಮಾವಾಸ್ಯೆ ವಾರ ಬಾ ಅಂದೆ. ಚೀಲ ಮಡಿಚಿಕೊಂಡು ಹೋದ.