ಮಳೆಗಾಲದಲ್ಲೂ ಬೆವರದ ಉಪ್ಪಿನ ಕೋಣೆ: ನನ್ನ ಅನುಭವ

"ಉಡುಪಿಯಲ್ಲಿ ಉಪ್ಪಿನ ಕೋಣೆಯಾ? ಆಟಿ ತಿಂಗಳ ಮಳೆಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಇನ್ನು ಗೋಡೆ ನಿಂತೀತೇ?" ಎಂದವರೇ ಎಲ್ಲರೂ. ಮೊದಲ ಮಳೆಗಾಲದಲ್ಲಿ ಅವರ ಮಾತೇ ಗೆದ್ದಿತು. ಆಮೇಲಿನ ಎರಡು ಮಳೆಗಾಲ ಗೋಡೆ ಒಣಗಿಯೇ ನಿಂತಿದೆ. ಗೋಡೆಗೆ ಉಪ್ಪಿನ ಇಟ್ಟಿಗೆ, ಗಾಳಿಯಲ್ಲಿ ತೇಲುವ ನುಣ್ಣನೆಯ ಉಪ್ಪಿನ ಪುಡಿ, ಗಿರಾಕಿ ಕೂತು ಅದನ್ನು ಉಸಿರಾಡುವುದು: ಉಪ್ಪಿನ ಕೋಣೆ ಎಂದರೆ ಇಷ್ಟೇ. ಬೆಂಗಳೂರಿನವರ ನಕ್ಷೆಯನ್ನು ಹಾಗೇ ತಂದು ಇಲ್ಲಿ ಕಟ್ಟುವವರಿಗೆ ಈ ಬರಹ.

ನೆನಪಿಡಬೇಕಾದ ಅಂಕಿ 75. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗುತ್ತದೆ. ಜುಲೈಯಲ್ಲಿ ನಮ್ಮ ಹೊರಗಿನ ಗಾಳಿ 85–90ರಲ್ಲೇ ಇರುತ್ತದೆ. ಕೋಣೆಯನ್ನು 50ರ ಕೆಳಗೆ ಇಡಬೇಕು. 60 ದಾಟಿದರೆ ಗೋಡೆಗೆ ಏನೂ ಆಗದಿದ್ದರೂ ಹ್ಯಾಲೋಜನರೇಟರಿನ (ಉಪ್ಪನ್ನು ನುಣ್ಣಗೆ ಅರೆದು ಗಾಳಿಗೆ ಊದುವ ಯಂತ್ರ) ಪುಡಿ ಅಂಟಿಕೊಂಡು ದಪ್ಪಗಾಗುತ್ತದೆ. ಅದು ತೇಲದೆ ನೆಲಕ್ಕೆ ಬೀಳುತ್ತದೆ, ಗಿರಾಕಿ ಬರೀ ತಣ್ಣನೆ ಕೋಣೆಯಲ್ಲಿ ಕೂತು ಎದ್ದು ಹೋಗುತ್ತಾನೆ.

ನಮ್ಮದು 10×12 ಅಡಿ, ಎತ್ತರ 9. ಅಂದರೆ 30 ಘನ ಮೀಟರ್ ಗಾಳಿ. ಮಳೆಗಾಲದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು, ನಮಗೆ ಬೇಕಾದ್ದು 10 ಗ್ರಾಂ. ಕೋಣೆ ತುಂಬ ಗಾಳಿ ಒಮ್ಮೆ ಬದಲಾದರೆ ತೆಗೆಯಬೇಕಾದ ನೀರು ಅರ್ಧ ಲೀಟರಿಗೂ ಕಡಿಮೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಸುಮ್ಮನೆ ಕೂತ ಮನುಷ್ಯನೂ ಗಂಟೆಗೆ 50 ಗ್ರಾಂ ನೀರನ್ನು ಉಸಿರು-ಬೆವರಿನಲ್ಲಿ ಬಿಡುತ್ತಾನೆ. ಮುಚ್ಚಿದ ಕೋಣೆಯಲ್ಲಿ ಆರು ಮಂದಿ ಮುಕ್ಕಾಲು ಗಂಟೆ ಕೂತರೆ 40ರಲ್ಲಿದ್ದ ತೇವಮಾಪಕದ ಮುಳ್ಳು 75ರ ಅಂಚಿಗೆ ಬರುತ್ತದೆ. ಆರು ಕುರ್ಚಿ ಹಾಕಿದ್ದು ನಮ್ಮ ಮೊದಲ ತಪ್ಪು. ಈಗ ನಾಲ್ಕೇ.

ಎರಡನೇ ತಪ್ಪು ಕೆಂಪುಕಲ್ಲಿನ ಗೋಡೆಗೆ ನೇರವಾಗಿ ಉಪ್ಪಿನ ಇಟ್ಟಿಗೆ ಅಂಟಿಸಿದ್ದು. ಕೆಂಪುಕಲ್ಲು ಮಳೆಗಾಲವಿಡೀ ಪಸೆ ಹೀರುತ್ತದೆ, ಗಾರೆ ಎಷ್ಟೇ ದಪ್ಪವಿರಲಿ. ಇಟ್ಟಿಗೆ ಹಿಂದಿನಿಂದ ಕರಗಿತು, ಮುಂದಿನಿಂದ ನೋಡಿದರೆ ಏನೂ ಗೊತ್ತಾಗದು. ಆಗಸ್ಟ್‌ನಲ್ಲಿ ಕೆಳಗಿನ ಮೂರು ಸಾಲು ಜಾರಿತು, ಉಪ್ಪುನೀರು ಪಕ್ಕದ ಕೋಣೆಯ ಗೋಡೆಗಿಳಿದು ಪೈಂಟ್ ಹಪ್ಪಳದ ಹಾಗೆ ಎದ್ದಿತು. 360 ಇಟ್ಟಿಗೆಯಲ್ಲಿ 140 ಹೋಯಿತು. 8×4×2 ಇಂಚಿನ ಇಟ್ಟಿಗೆ ಒಂದೊಂದೂ ಎರಡು ಕಿಲೋಗೆ ಮೇಲೆ, ಇಡೀ ಗೋಡೆ 800 ಕಿಲೋದ ಹತ್ತಿರ. ಮಹಡಿಯಲ್ಲಿ ಕಟ್ಟುವವರು ಮೊದಲು ಎಂಜಿನಿಯರ್ ಹತ್ತಿರ ಹೋಗಿ.

ಈಗಿನ ಕ್ರಮ: ಕಲ್ಲಿನ ಗೋಡೆಯಿಂದ ಒಂದು ಇಂಚು ಬಿಟ್ಟು ಚೌಕಟ್ಟು, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ, ಜೋಡಣೆಯಲ್ಲಿ ಒಂದರ ಮೇಲೊಂದು ಅರ್ಧ ಅಡಿ ಬರುವಂತೆ, ಟೇಪ್ ಹಾಕಿ. ಮೇಲೆ ಸಿಮೆಂಟ್ ಬೋರ್ಡ್, ಆಮೇಲೆ ಇಟ್ಟಿಗೆ. ಹಾಳೆ ಸೀಲಿಂಗಿಗೂ ಬೇಕು, ನೆಲಕ್ಕೂ ಬೇಕು. ನೀರು ಕಲಸುವ ಯಾವ ಅಂಟೂ ಬೇಡ. ಸಂದಿಗೆ ತುಂಬುವ ಮಿಶ್ರಣ ನಾವೇ ಮಾಡಿಕೊಂಡದ್ದು, ಅದರ ಪಾಲು ಇಲ್ಲಿ ಬರೆಯುವುದಿಲ್ಲ.

ಮೂರನೆಯದು ಏಸಿ. ಒಳಗಿನ ಯೂನಿಟ್ ಕೋಣೆಯಲ್ಲೇ ಇತ್ತು. ಏಳು ತಿಂಗಳಲ್ಲಿ ಅಲ್ಯೂಮಿನಿಯಂ ರೆಕ್ಕೆ ಬಿಳಿ ಪುಡಿಯಾಗಿ ಉದುರಿತು, 38 ಸಾವಿರ ನೀರಿಗೆ. ಈಗ ಏಸಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಎರಡೂ ಹೊರಗಿನ ಪುಟ್ಟ ಲಾಬಿಯಲ್ಲಿವೆ. ಲಾಬಿಗೆ ಎರಡು ಬಾಗಿಲು, ಎರಡೂ ಒಟ್ಟಿಗೆ ತೆರೆಯಬಾರದು. ಲಾಬಿಯ ಒಣ ಗಾಳಿಯನ್ನು ಸಣ್ಣ ಫ್ಯಾನ್ ಉಪ್ಪಿನ ಕೋಣೆಗೆ ನಿಧಾನವಾಗಿ ತಳ್ಳುತ್ತದೆ. ಅದು ಎದುರಿನ ಮುಚ್ಚಳದಿಂದ ಹೊರಗೆ ಹೋಗುತ್ತದೆ, ಲಾಬಿಗೆ ವಾಪಸ್ ಬರುವುದಿಲ್ಲ. ಎಲ್ಲವೂ ನಿಂತಿರುವುದು ಇದರ ಮೇಲೆ. ಫ್ಯಾನಿನ ವೇಗ ಹೆಚ್ಚಿಸಿದರೆ ತೇಲುವ ಉಪ್ಪೂ ಹೊರಗೆ ಹೋಗುತ್ತದೆ, ನಮಗೆ ಗಂಟೆಗೆ ಒಮ್ಮೆ ಗಾಳಿ ಬದಲಾಗುವಷ್ಟು ಸಾಕಾಯಿತು. ಡಿಹ್ಯುಮಿಡಿಫೈಯರ್ ಕೊಳ್ಳುವಾಗ '50 ಲೀಟರ್' ಎಂಬ ಚೀಟಿ ನೋಡಿ ಮರುಳಾಗಬೇಡಿ. ಅದು 30 ಡಿಗ್ರಿ, ಶೇ. 80ರ ಲೆಕ್ಕ. 24 ಡಿಗ್ರಿ, 50ರಲ್ಲಿ ಅದರ ಅರ್ಧವೂ ಬಾರದು.

ಒಂದು ಸರದಿ 45 ನಿಮಿಷ, ಯಂತ್ರಕ್ಕೆ 20 ಗ್ರಾಂ ಆಸುಪಾಸು ಉಪ್ಪು. ತೇವಾಂಶ 40ಕ್ಕೆ ಇಳಿಯದೆ ಬಾಗಿಲು ತೆಗೆಯುವುದಿಲ್ಲ. ಮುಗಿದ ಮೇಲೆ ಕಾಲು ಗಂಟೆ ಎಕ್ಸಾಸ್ಟ್, ಅದಕ್ಕೂ ಗಾಳಿ ಲಾಬಿಯಿಂದಲೇ.

ಉಪ್ಪು ಔಷಧ ದರ್ಜೆಯದ್ದೇ ಆಗಬೇಕು. ಪ್ಯಾಕೆಟ್ ಉಪ್ಪಿನಲ್ಲಿ ಗಂಟು ಕಟ್ಟದಂತೆ ಸೇರಿಸಿದ್ದು ಇರುತ್ತದೆ, ಶ್ವಾಸಕ್ಕೆ ಬೇಡ. ಗೋಕರ್ಣದ ಕಡೆಯ ಸಾಣಿಕಟ್ಟಾ ಉಪ್ಪನ್ನೂ ಖಾಲಿ ಕೋಣೆಯಲ್ಲಿ ಹಾಕಿ ನೋಡಿದೆವು. ಉಪ್ಪಿನಕಾಯಿಗೆ ಅದರ ಮುಂದೆ ಬೇರೆ ಇಲ್ಲ, ಆದರೆ ಸಮುದ್ರದ ಉಪ್ಪಿನಲ್ಲಿ ಉಳಿಯುವ ಮೆಗ್ನೀಸಿಯಂ ಕ್ಲೋರೈಡ್ ತೇವಾಂಶ 33ರಲ್ಲೇ ನೀರೆಳೆಯುತ್ತದೆ. ಹತ್ತು ನಿಮಿಷದಲ್ಲಿ ಅರೆಯುವ ಬ್ಲೇಡಿನ ಸುತ್ತ ಕೆಸರು. ಬಿಚ್ಚಿ ತೊಳೆಯಲು ಅರ್ಧ ದಿನ ಹಿಡಿಯಿತು.

ತೇವಮಾಪಕವನ್ನು ಪರೀಕ್ಷಿಸಲೂ ಉಪ್ಪೇ ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನಾಲ್ಕು ಹನಿ ನೀರು ಬಿಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. ನಮ್ಮ ಮೂರರಲ್ಲಿ ಒಂದು 67 ತೋರಿಸಿತು, ಮೊದಲ ವರ್ಷವೆಲ್ಲ ನಂಬಿದ್ದು ಅದನ್ನೇ.

ಸ್ಕ್ರೂ, ಬಿಜಾಗರಿ ಮಲ್ಪೆಯಲ್ಲಿ ಬೋಟಿನ ಸಾಮಾನು ಮಾರುವಲ್ಲಿ ಕೊಳ್ಳಿ, ಉಪ್ಪಿಗೂ ಬೇಗ ತುಕ್ಕು ಹಿಡಿಯದ 316 ಸ್ಟೀಲ್. ಮ್ಯಾಗ್ನೆಟ್ ಹಿಡಿದು "ಅಂಟುವುದಿಲ್ಲ, 316ವೇ" ಎನ್ನುವ ಅಂಗಡಿಯವರನ್ನು ನಂಬಬೇಡಿ, ಉಪ್ಪಿಗೆ ಅಷ್ಟು ತಾಳದ 304 ಸ್ಟೀಲಿಗೂ ಅಂಟುವುದಿಲ್ಲ. ಕುರ್ಚಿಗೆ ನಾವು ಲೋಹವನ್ನೇ ಬಿಟ್ಟೆವು: ಅಡಿಕೆ ದಬ್ಬೆ, ಮರದ ಗೂಟ. ಎಲ್‌ಇಡಿ ಡ್ರೈವರ್, ಸ್ವಿಚ್ ಎಲ್ಲ ಹೊರಗೆ.

ಖರ್ಚು ನೆನಪಿನಿಂದ: ಯಂತ್ರ ಮೂರು ಲಕ್ಷದ ಹತ್ತಿರ, ಇಟ್ಟಿಗೆ ಆಗ ಒಂದಕ್ಕೆ 180, ಎರಡು ಸಲ ಕಟ್ಟಿದ್ದೂ ಸೇರಿ ಒಟ್ಟು ಒಂಬತ್ತೂವರೆ ಲಕ್ಷ. ಕರೆಂಟ್ ಜನವರಿಯಲ್ಲಿ ನಾಲ್ಕೂವರೆ ಸಾವಿರ, ಜುಲೈಯಲ್ಲಿ ಒಂಬತ್ತು-ಹತ್ತು. ಗುಲಾಬಿ ಉಪ್ಪಿನ ಇಟ್ಟಿಗೆ ಬರುತ್ತಿದ್ದುದು ಪಾಕಿಸ್ತಾನದ ಖೇವ್ರಾ ಗಣಿಯಿಂದ, 2025ರ ಮೇಯಲ್ಲಿ ಅಲ್ಲಿನ ಆಮದು ಪೂರ್ತಿ ನಿಂತಿತು. ಈಗ ಕಟ್ಟುವವರು ಒಂದೇ ಗೋಡೆಗೆ ಹಾಕಿ, ಸಾಕು. ಕೆಲಸ ಮಾಡುವುದು ಯಂತ್ರ, ಗೋಡೆ ಬರೀ ಚೆಂದಕ್ಕೆ.

"ಬಿಪಿ ಏರುತ್ತದಾ?" ಎಂದು ದಿನಾ ಕೇಳುತ್ತಾರೆ. ಘನ ಮೀಟರಿಗೆ 10 ಮಿಲಿಗ್ರಾಂ ಉಪ್ಪು ತೇಲುತ್ತದೆಂದು ಹಿಡಿದರೂ 45 ನಿಮಿಷದಲ್ಲಿ ಉಸಿರಿನೊಳಗೆ ಹೋಗುವುದು ನಾಲ್ಕು ಮಿಲಿಗ್ರಾಂ, ಗಂಜಿಗೆ ಹಾಕುವ ಚಿಟಿಕೆಯ ಮುಂದೆ ಲೆಕ್ಕಕ್ಕಿಲ್ಲ. ಭಯ ಬೇರೆ ಕಡೆ ಇರಬೇಕು. ಉಪ್ಪಿನ ಕಣ ಕೆಲವು ಅಸ್ತಮಾದವರ ಶ್ವಾಸನಾಳವನ್ನು ಬಿಗಿಹಿಡಿಸುತ್ತದೆ. ವೈದ್ಯರ ಒಪ್ಪಿಗೆ ಇಲ್ಲದೆ ಅವರನ್ನು ಕೂರಿಸಬೇಡಿ. ಜ್ವರ, ಕ್ಷಯ, ರಕ್ತ ಕೆಮ್ಮುವವರಿಗೆ ಬಾಗಿಲೇ ಬೇಡ. ಇನ್‌ಹೇಲರ್ ಬಿಡಿ ಎಂದು ಯಾರಿಗೂ ಹೇಳಬೇಡಿ. ಇದು ಹಾಯೆನಿಸುವ ಕೋಣೆ, ಚಿಕಿತ್ಸೆ ಅಲ್ಲ. ಬೋರ್ಡಿನಲ್ಲೂ ಹಾಗೇ ಬರೆಸಿದ್ದೇವೆ.

ರಾತ್ರಿ ಕರೆಂಟ್ ಹೋದರೆ ಐದಾರು ಗಂಟೆಯಲ್ಲಿ ಮುಳ್ಳು 65ಕ್ಕೆ ಏರುತ್ತದೆ, ಆದ್ದರಿಂದ ಬ್ಯಾಕಪ್ ಮೊದಲು ಡಿಹ್ಯುಮಿಡಿಫೈಯರಿಗೆ, ಆಮೇಲೆ ದೀಪಕ್ಕೆ. ಆಟಿಯಲ್ಲಿ ಅದರ ಬಕೆಟಿಗೆ ದಿನಕ್ಕೆ 12 ಲೀಟರ್ ನೀರು ಬೀಳುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡ, ಕಾಯಿಲ್ ಮೇಲೆ ಕೂತ ಉಪ್ಪು ಅದರಲ್ಲಿ ಸ್ವಲ್ಪವಾದರೂ ಇರುತ್ತದೆ. ನಾವು ಲಾಬಿಯ ನೆಲ ಒರೆಸುತ್ತೇವೆ.