ಬೂಷ್ಟು ಒರೆಸುವ ಮುಂಚೆ ಬೀರುವಿನ ಹಿಂದೆ ಒಮ್ಮೆ ಇಣುಕಿ

ಗೋಡೆಯಲ್ಲಿ ಬೂಷ್ಟು ಕಂಡ ಕೂಡಲೇ ನಾವೆಲ್ಲ ಮಾಡುವುದು ಒಂದೇ, ಬಟ್ಟೆ ತಗೊಂಡು ಒರೆಸುವುದು. ಎರಡು ವಾರ ಕಳೆದರೆ ಅದೇ ಮೂಲೆ, ಅದೇ ಕಪ್ಪು ಚುಕ್ಕೆ. ಪೇಂಟ್ ಬಳಿದರೆ ಪೇಂಟ್ ಮೇಲೂ ಬರುತ್ತದೆ. ಬೂಷ್ಟಿನ ಬೀಜಕಣಗಳು ಎಲ್ಲರ ಮನೆ ಗಾಳಿಯಲ್ಲೂ ಇದ್ದೇ ಇರುತ್ತವೆ, ಅವನ್ನು ಪೂರ್ತಿ ಓಡಿಸುವುದು ಆಗದ ಮಾತು. ತಿನ್ನುವುದಕ್ಕೆ ಧೂಳು, ಮರ, ಕಾಗದ, ಬಟ್ಟೆ ಏನಾದರೂ ನಡೆಯುತ್ತದೆ. ನಮ್ಮ ಕೈಯಲ್ಲಿರುವುದು ಅವಕ್ಕೆ ನೀರು ಸಿಗದ ಹಾಗೆ ನೋಡಿಕೊಳ್ಳುವುದು ಮಾತ್ರ.

ಮೊದಲು ಗಾಳಿಯ ತೇವಾಂಶ, ಅಂದರೆ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಈಗ ಶೇಕಡ ಎಷ್ಟಿದೆ ಅಂತ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ತನ್ನಿ. ತಂದ ತಕ್ಷಣ ಅದು ಹೇಳಿದ್ದನ್ನೆಲ್ಲ ನಂಬಬೇಡಿ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ ನಾಲ್ಕೈದು ಹನಿ ನೀರು ಹಾಕಿ. ಉಪ್ಪು ಕರಗಿಹೋಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಜಿಪ್ ಕವರ್‌ನಲ್ಲಿಟ್ಟು, ಗಾಳಿ ಆಡದಂತೆ ಮುಚ್ಚಿ ಒಂದು ದಿನ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿಯಲ್ಲಿ ತೇವಾಂಶ ಶೇ 75ರ ಹತ್ತಿರವೇ ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳ್ತಿದೆ ಅಂತ. ಅದನ್ನೊಂದು ಚೀಟಿಯಲ್ಲಿ ಬರೆದು ಮೀಟರ್ ಬೆನ್ನಿಗೆ ಅಂಟಿಸಿಬಿಡಿ.

ಮನೆಯೊಳಗಿನ ತೇವಾಂಶ ಶೇ 60 ದಾಟಬಾರದು, 30ರಿಂದ 50ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಆದರೆ ಇದನ್ನು ಅಳೆಯುವುದೆಲ್ಲಿ? ನಾನು ಮೋಸ ಹೋಗಿದ್ದು ಇಲ್ಲೇ. ಮೀಟರನ್ನು ಮೇಜಿನ ಮೇಲಿಟ್ಟು, 60 ಆಸುಪಾಸು ಇದೆ, ಪರವಾಗಿಲ್ಲ ಅಂದುಕೊಂಡಿದ್ದೆ. ಒಂದು ದಿನ ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ಹಸಿರು! ಲೆಕ್ಕ ಇಷ್ಟೇ: ಕೋಣೆಯ ಗಾಳಿ 25 ಡಿಗ್ರಿ, ತೇವಾಂಶ ಶೇ 60 ಇದ್ದಾಗ ಗೋಡೆ 20 ಡಿಗ್ರಿಗೆ ತಣ್ಣಗಿದ್ದರೆ, ಅದಕ್ಕೆ ತಾಗಿಕೊಂಡ ಗಾಳಿಯಲ್ಲಿ ತೇವಾಂಶ ಸುಮಾರು ಶೇ 80 ಆಗಿರುತ್ತದೆ. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಕಮ್ಮಿ, ಅಲ್ವಾ? ಬೂಷ್ಟಿಗೆ ಬೇಕಾಗಿದ್ದೂ ಅದೇ 80. ಹಾಗಾಗಿ ಮೀಟರನ್ನು ಬೀರು ಹಿಂದೆ, ಮಂಚದ ತಲೆಯ ಕಡೆ, ಹೊರಗೋಡೆಯ ಮೂಲೆಯಲ್ಲಿ ಇಟ್ಟು ನೋಡಿ. ಬೀರನ್ನು ಗೋಡೆಯಿಂದ ಎರಡು ಮೂರು ಇಂಚು ಈಚೆ ಎಳೆದರೆ ಅಲ್ಲೂ ಗಾಳಿ ಆಡುತ್ತದೆ.

ಆಮೇಲೆ ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಬೇಕು. ಗೋಡೆಯ ಒಣಗಿದ ಜಾಗಕ್ಕೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿದಾಗ ಹಾಳೆಯ ಹಿಂಬದಿ, ಅಂದರೆ ಗೋಡೆ ಕಡೆ, ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಜಿನುಗುತ್ತಿದೆ. ಪೈಪು, ಛಾವಣಿ, ಬಿರುಕು ರಿಪೇರಿ ಆಗುವ ತನಕ ಉಳಿದ ಯಾವ ಉಪಾಯವೂ ದಂಡ. ಮುಂಬದಿ ಹನಿ ಇದ್ದರೆ ಅದು ಕೋಣೆಯ ಗಾಳಿಯದೇ ನೀರು.

ಗಾಳಿಗೆ ನೀರು ಸೇರಿಸುವವರು ನಾವೇ. ಮನೆಯೊಳಗೆ ಒಗೆದ ಬಟ್ಟೆ ಒಣಹಾಕಿದರೆ ಲೀಟರುಗಟ್ಟಲೆ ನೀರು ಗಾಳಿಗೇ ಹೋಗುತ್ತದೆ. ಗ್ಯಾಸ್ ಉರಿದರೂ ನೀರಾವಿ ಬರುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದರೆ ಕುದಿಯುವ ನೀರಿನ ಆವಿಯಾದರೂ ಕಮ್ಮಿಯಾಗುತ್ತದೆ. ಸ್ನಾನ ಮುಗಿದ ಮೇಲೆ ಎಕ್ಸಾಸ್ಟ್ ಫ್ಯಾನ್ 20-30 ನಿಮಿಷ ಓಡಲಿ. ಗೋಡೆಯ ನೀರನ್ನು ವೈಪರ್‌ನಿಂದ ಕೆಳಗೆಳೆಯಿರಿ.

ಮಳೆ ಬಂತು ಅಂತ ಕಿಟಕಿ ಮುಚ್ಚಿ ಕೂರುವುದೂ ಯಾವಾಗಲೂ ಸರಿಯಲ್ಲ. ಹೊರಗೆ 20 ಡಿಗ್ರಿ, ತೇವಾಂಶ ಶೇ 95. ಒಳಗೆ 27 ಡಿಗ್ರಿ, ಶೇ 70. ಹೊರಗಿನದೇ ಹಸಿ ಅನ್ನಿಸುತ್ತದೆ, ಆದರೆ ಆ ಗಾಳಿ ಒಳಗೆ ಬಂದು 27ಕ್ಕೆ ಬೆಚ್ಚಗಾದರೆ ಶೇ 62ರ ಹತ್ತಿರ ಇಳಿಯುತ್ತದೆ. ಹೊರಗೂ ಸೆಕೆ, ಹಸಿ ಎರಡೂ ಇದ್ದರೆ ಮಾತ್ರ ಕಿಟಕಿ ಮುಚ್ಚಿ ಎಸಿಯ ಡ್ರೈ ಮೋಡ್ ಅಥವಾ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಿ. ಕಿಟಕಿ ತೆರೆದಿಟ್ಟು ಅದನ್ನು ಓಡಿಸಿದರೆ ಊರ ಗಾಳಿಯನ್ನೆಲ್ಲ ಒಣಗಿಸಿದ ಹಾಗೆ. ತೇವ ಹೀರುವ ಪೊಟ್ಟಣಗಳು ಬೀರುವಿನೊಳಗೆ ಸರಿ, ಕೋಣೆಗೆ ಸುಮ್ನೆ.

ಈಗಾಗಲೇ ಬಂದಿರುವ ಬೂಷ್ಟು ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು. ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಒಣ ಬ್ರಷ್‌ನಿಂದ ಉಜ್ಜಿದರೆ ಕಣಗಳು ಮನೆಯೆಲ್ಲ ಹಾರುತ್ತವೆ, ಸೋಪುನೀರಿನಲ್ಲಿ ಒದ್ದೆ ಮಾಡಿಯೇ ತೊಳೆದು ಚೆನ್ನಾಗಿ ಒಣಗಿಸಿ. ಬ್ಲೀಚ್ ಜೊತೆ ಆ್ಯಸಿಡ್, ಅಮೋನಿಯಾ ಇರುವ ಕ್ಲೀನರ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಹಾಸಿಗೆ, ಕಾರ್ಪೆಟ್ ಏನೇ ನೆನೆದರೂ 24ರಿಂದ 48 ಗಂಟೆಯೊಳಗೆ ಒಣಗಬೇಕು.

ಇಷ್ಟಾದ ಮೇಲೆ ಮೀಟರನ್ನು ಮತ್ತೆ ಬೀರುವಿನ ಹಿಂದಕ್ಕೇ ಇಡಿ. ಒಂದು ವಾರ ಬೆಳಗಿನ ಜಾವ, ಗೋಡೆ ತೀರಾ ತಣ್ಣಗಿರುವ ಹೊತ್ತಿನಲ್ಲಿ, ಎದ್ದು ನೋಡಿ ಬರೆದಿಟ್ಟುಕೊಳ್ಳಿ. ಮಧ್ಯಾಹ್ನದ ಲೆಕ್ಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.